ಟವೆಲ್ ಹಾಕಿ ಸೀಟು ಹಿಡಿಯುವ ಮಾತ್ರೆಗಳು: ಆಲ್ಫಾ, ಬೀಟಾ ಬ್ಲಾಕರ್ ನುಂಗುವವರಿಗೊಂದು ಕೈಪಿಡಿ

ಮಳೆಗಾಲದ ಒಂದು ಸಂಜೆ ಯಜಮಾನರೊಬ್ಬರು ನಮ್ಮ ಔಷಧಿ ಅಂಗಡಿಗೆ ಬಂದರು. ಅಂಗಿ ಜೇಬಿನಿಂದ ಒಂದು ತುಂಡು ಸ್ಟ್ರಿಪ್ ತೆಗೆದು ಕೌಂಟರ್ ಮೇಲಿಟ್ಟರು. ಖಾಲಿ ಸ್ಟ್ರಿಪ್. ಅದೂ ಕತ್ತರಿಯಲ್ಲಿ ಕತ್ತರಿಸಿದ್ದು. ಹೆಸರಿನ ಮುಂಭಾಗ ಹೋಗಿತ್ತು. ಬಾಲದ ನಾಲ್ಕು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ 50 ಎಂಬ ಅಂಕಿ, ಅಷ್ಟೇ ಉಳಿದಿತ್ತು.

"ಬಿಪಿ ಮಾತ್ರೆ ಕಣಪ್ಪ. ಮುಗಿದು ನಾಲ್ಕು ದಿನ ಆಯ್ತು. ನಾಟಿ ಕೆಲಸ ಇತ್ತು, ಪೇಟೆಗೆ ಬರೋಕೆ ಆಗ್ಲಿಲ್ಲ. ನಿನ್ನೆಯಿಂದ ಎದೆ ಢವಢವ ಅಂತಿದೆ. ಮೆಟ್ಟಿಲು ಹತ್ತಿದ್ರೆ ಹಿಡ್ಕೊಂಡ ಹಾಗೆ ಆಗುತ್ತೆ."

ನಾನು ಮಾತ್ರೆ ಕೊಡಲಿಲ್ಲ. ಕುರ್ಚಿ ಹಾಕಿ ಕೂರಿಸಿ, ಮಗನಿಗೆ ಫೋನ್ ಮಾಡಿಸಿ, ನೇರ ಆಸ್ಪತ್ರೆಗೆ ಕಳಿಸಿದೆ. ಆ ನಾಲ್ಕು ಅಕ್ಷರ ನೋಡಿದ ಕೂಡಲೇ ಅದು ಬೀಟಾ ಬ್ಲಾಕರ್ ಎಂದು ಗೊತ್ತಾಗಿತ್ತು. ಈ ಜಾತಿಯ ಮಾತ್ರೆಗಳಲ್ಲಿ ದಿನಾ ನುಂಗುವುದರಿಂದ ಆಗುವ ತೊಂದರೆಗಿಂತ, ದಿಢೀರನೆ ಶುರು ಮಾಡಿದಾಗ ಮತ್ತು ದಿಢೀರನೆ ಬಿಟ್ಟಾಗ ಆಗುವ ತೊಂದರೆ ಜಾಸ್ತಿ. ಯಾಕೆ ಅಂತ ಗೊತ್ತಾದರೆ ಮುಂದಿನ ಎಲ್ಲ ಎಚ್ಚರಿಕೆಗಳೂ ತಾವಾಗೇ ನೆನಪಿರುತ್ತವೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಸೀಟು ಮತ್ತು ಟವೆಲ್

ಬೀದಿ ನಾಯಿ ಅಟ್ಟಿಸಿಕೊಂಡು ಬಂತು ಅಂದುಕೊಳ್ಳಿ. ಎದೆ ಬಡಿದುಕೊಳ್ಳುತ್ತದೆ, ಕೈ ನಡುಗುತ್ತದೆ. ಅಡ್ರಿನಲಿನ್ ಮತ್ತು ಅದರ ತಮ್ಮ ನಾರ್‌ಅಡ್ರಿನಲಿನ್ ಎಂಬ ಹಾರ್ಮೋನುಗಳು ಮಾಡುವ ಕೆಲಸ ಇದು. ಇವು ಸುಮ್ನೆ ರಕ್ತದಲ್ಲಿ ಓಡಾಡಿದರೆ ಏನೂ ಆಗುವುದಿಲ್ಲ. ಜೀವಕೋಶಗಳ ಮೇಲೆ ಇವುಗಳಿಗೆಂದೇ ಸೀಟುಗಳಿವೆ. ಬಂದು ಕೂತರೆ ಮಾತ್ರ ಕೆಲಸ.

ಆ ಸೀಟುಗಳಲ್ಲಿ ಎರಡು ಬಗೆ ಇದೆ ಎಂದು 1948ರಲ್ಲಿ ಹೇಳಿದವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್. ಆಲ್ಫಾ, ಬೀಟಾ ಎಂಬ ಹೆಸರು ಅವರದೇ. ತುಂಬಾ ವರ್ಷ ಆ ಮಾತನ್ನು ಹೆಚ್ಚಿನವರು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅದನ್ನು ಕೈಗೆತ್ತಿಕೊಂಡವರು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಆಗ ಎದೆನೋವಿಗೆ ಎಲ್ಲರೂ ಹೃದಯಕ್ಕೆ ಜಾಸ್ತಿ ರಕ್ತ ತರುವ ದಾರಿ ಹುಡುಕುತ್ತಿದ್ದರು. ಬ್ಲ್ಯಾಕ್ ತಿರುಗಿಸಿ ಯೋಚಿಸಿದರು. ಹೃದಯದ ಕೆಲಸವನ್ನೇ ಕಡಿಮೆ ಮಾಡಿದರೆ ಅದಕ್ಕೆ ಬೇಕಾಗುವ ರಕ್ತವೂ ಕಡಿಮೆಯಾಗುತ್ತದೆ ಅಲ್ವಾ? ಹಾಗೆ 1960ರ ದಶಕದಲ್ಲಿ ಬಂದದ್ದು ಪ್ರೊಪ್ರನೊಲಾಲ್. 1988ರಲ್ಲಿ ಅವರಿಗೆ ನೊಬೆಲ್ ಬಂತು.

ಬ್ಲಾಕರ್ ಮಾಡುವುದೇನು? ನಮ್ಮ ಬಸ್ ನಿಲ್ದಾಣಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ, ಅದೇ. ಟವೆಲ್ ತಾನು ಪ್ರಯಾಣ ಮಾಡುವುದಿಲ್ಲ. ಆದರೆ ಅದು ಇರುವ ತನಕ ಬೇರೆಯವರು ಕೂರುವಂತಿಲ್ಲ. ತೀರಾ ನೂಕುನುಗ್ಗಲಾದರೆ ಯಾರೋ ಒಬ್ಬರು ಟವೆಲ್ ಸರಿಸಿ ಕೂತೇಬಿಡುತ್ತಾರೆ. ಈ ಮಾತ್ರೆಗಳಲ್ಲಿ ಹೆಚ್ಚಿನವು ಹಾಗೇ. ಅಡ್ರಿನಲಿನ್ ಪ್ರವಾಹದ ಹಾಗೆ ಬಂದರೆ ಮಾತ್ರೆ ಸೋಲಬಹುದು.

ಈಗ ಮುಖ್ಯವಾದ ಮಾತು. ಸೀಟುಗಳು ಸದಾ ಟವೆಲ್ ಹೊದ್ದಿರುವುದನ್ನು ನೋಡಿ ಮೈ ಸುಮ್ಮನಿರುವುದಿಲ್ಲ. ವಾರಗಳು ಕಳೆದ ಹಾಗೆ ಹೊಸ ಸೀಟುಗಳನ್ನು ಹಾಕಿಸುತ್ತದೆ. ನೀವು ಒಂದು ದಿನ ಮಾತ್ರೆ ನಿಲ್ಲಿಸಿಬಿಟ್ಟರೆ? ಎಲ್ಲ ಟವೆಲ್ ಒಮ್ಮೆಗೇ ಮಾಯ. ಮೊದಲಿದ್ದದ್ದಕ್ಕಿಂತ ಜಾಸ್ತಿ ಸೀಟು ಖಾಲಿ. ಇದ್ದ ಅಡ್ರಿನಲಿನ್ ಎಲ್ಲ ನುಗ್ಗಿ ಕೂರುತ್ತದೆ. ನಾಟಿ ಮುಗಿಸಿ ಬಂದ ಯಜಮಾನರ ಎದೆ ಬಡಿದುಕೊಂಡದ್ದು ಹಾಗೆ.

ಹೆಜ್ಜೆ 1: ಹೆಸರಿನ ಬಾಲ ಓದಿ

ಕಂಪನಿ ಇಟ್ಟ ಹೆಸರು ದೊಡ್ಡ ಅಕ್ಷರದಲ್ಲಿರುತ್ತದೆ, ಔಷಧಿಯ ನಿಜವಾದ ಹೆಸರು ಸಣ್ಣದಾಗಿರುತ್ತದೆ. ಸಣ್ಣದನ್ನೇ ಓದಿ. ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ನೆಬಿವೊಲಾಲ್, ಪ್ರೊಪ್ರನೊಲಾಲ್: ಕೊನೆಗೆ 'ಲಾಲ್' ಬಂದರೆ ಬೀಟಾ ಬ್ಲಾಕರ್ ಮನೆತನ. ಪ್ರಜೋಸಿನ್, ಟೆರಜೋಸಿನ್, ಟ್ಯಾಮ್ಸುಲೋಸಿನ್, ಸೈಲೋಡೋಸಿನ್: 'ಓಸಿನ್' ಬಂದರೆ ಆಲ್ಫಾ. ಅಜಿಥ್ರೊಮೈಸಿನ್ ಅಂತ ನೋಡಿ ಗಾಬರಿಯಾಗಬೇಡಿ, ಅದು 'ಮೈಸಿನ್', ಆಂಟಿಬಯೋಟಿಕ್. ಕಾರ್ವೆಡಿಲಾಲ್ ಮತ್ತು ಲ್ಯಾಬೆಟಲಾಲ್ ಮಾತ್ರ ಎರಡು ದೋಣಿಯಲ್ಲೂ ಕಾಲಿಟ್ಟವು. ಬೀಟಾ ಜೊತೆ ಆಲ್ಫಾ ಸೀಟಿಗೂ ಟವೆಲ್ ಹಾಕುತ್ತವೆ.

ಇನ್ನೊಂದು ಸೂಕ್ಷ್ಮ. ಮೆಟೊಪ್ರೊಲಾಲ್‌ನಲ್ಲಿ ಎರಡು ಬಗೆ ಸಿಗುತ್ತದೆ. ಟಾರ್ಟ್ರೇಟ್ ಬೇಗ ಕರಗುತ್ತದೆ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸಕ್ಸಿನೇಟ್ ನಿಧಾನವಾಗಿ ಬಿಡುವಂತೆ ಮಾಡಿದ್ದು, ದಿನಕ್ಕೆ ಒಂದು ಸಲ. ಹೆಸರಿನ ಕೊನೆಗೆ 'ಎಕ್ಸ್‌ಎಲ್' ಅಥವಾ 'ಇಆರ್' ಇದ್ದರೆ ಅದನ್ನು ಪುಡಿ ಮಾಡಬೇಡಿ, ಅಗಿಯಬೇಡಿ. ಅಜ್ಜಿಗೆ ನುಂಗಲು ಕಷ್ಟ ಅಂತ ಹಾಲಿನಲ್ಲಿ ಕಲಸಿ ಕೊಡುವವರನ್ನು ನೋಡಿದ್ದೇನೆ. ಇಡೀ ದಿನದ ಔಷಧಿ ಸ್ವಲ್ಪ ಹೊತ್ತಿನಲ್ಲೇ ರಕ್ತಕ್ಕೆ ಸೇರುತ್ತದೆ. ಕಷ್ಟ ಇದ್ದರೆ ಡಾಕ್ಟರಿಗೆ ಹೇಳಿ, ಬೇರೆ ರೂಪದ್ದು ಬರೆದುಕೊಡುತ್ತಾರೆ.

ಹೆಜ್ಜೆ 2: 'ಇದು ಯಾವುದಕ್ಕೆ?' ಎಂದು ಕೇಳಿ

'ಬಿಪಿ ಮಾತ್ರೆ' ಎಂಬ ಒಂದೇ ಹೆಸರಿನಲ್ಲಿ ಎಲ್ಲವನ್ನೂ ಕರೆಯುತ್ತೇವೆ. ಅಲ್ಲೇ ಎಡವುವುದು. ಬಿಪಿ ಸರಿಯಾಯ್ತು ಅಂತ ಮಾತ್ರೆ ಬಿಟ್ಟ ಎಷ್ಟೋ ಜನರಿಗೆ ಅದನ್ನು ಕೊಟ್ಟದ್ದೇ ಬಿಪಿಗಲ್ಲ.

ಬೀಟಾ ಸೀಟುಗಳಲ್ಲಿ ಒಂದನೇ ನಂಬರಿನವು ಮುಖ್ಯವಾಗಿ ಹೃದಯದಲ್ಲಿವೆ. ಅಲ್ಲಿ ಟವೆಲ್ ಬಿದ್ದರೆ ಬಡಿತ ನಿಧಾನ, ಒತ್ತುವ ಬಲ ಕಡಿಮೆ. ಹಾಗಾಗಿ ಎದೆನೋವು, ಹಾರ್ಟ್ ಅಟ್ಯಾಕ್ ಆದ ಮೇಲೆ, ಬಡಿತ ತಾಳ ತಪ್ಪಿದಾಗ ಕೊಡುತ್ತಾರೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿ ಎದೆ ಬಡಿದುಕೊಂಡು ಕೈ ನಡುಗುತ್ತಿದ್ದರೆ, ಥೈರಾಯ್ಡ್ ಔಷಧಿ ಹಿಡಿಯುವ ತನಕ ಪ್ರೊಪ್ರನೊಲಾಲ್ ಆಸರೆ. ಮೈಗ್ರೇನ್ ಪದೇ ಪದೇ ಬರದಂತೆ, ವಯಸ್ಸಾದವರ ಕೆಲವು ಬಗೆಯ ಕೈನಡುಕಕ್ಕೆ, ಲಿವರ್ ಕೆಟ್ಟವರಲ್ಲಿ ಅನ್ನನಾಳದ ಉಬ್ಬಿದ ನಾಳ ಒಡೆಯದಂತೆ ಕೂಡ ಇದೇ ಪ್ರೊಪ್ರನೊಲಾಲ್. ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇದೇ ಮನೆತನ.

ಬರೀ ಬಿಪಿ ಇದ್ದು, ಹೃದಯದ ಬೇರೆ ತೊಂದರೆ ಇಲ್ಲದಿದ್ದರೆ ಈಗ ಬೀಟಾ ಬ್ಲಾಕರ್ ಸಾಮಾನ್ಯವಾಗಿ ಮೊದಲ ಆಯ್ಕೆಯಲ್ಲ. 2002ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ ಅಟೆನೊಲಾಲ್ ತೆಗೆದುಕೊಂಡವರಿಗಿಂತ ಲೊಸಾರ್ಟನ್ ಎಂಬ ಬೇರೆ ಜಾತಿಯ ಬಿಪಿ ಮಾತ್ರೆ ತೆಗೆದುಕೊಂಡವರಲ್ಲಿ ಪಾರ್ಶ್ವವಾಯು ಕಡಿಮೆ ಕಂಡಿತ್ತು. ಇದನ್ನು ಓದಿ ನಾಳೆಯಿಂದ ಅಟೆನೊಲಾಲ್ ಬಿಡುತ್ತೇನೆ ಅನ್ನಬೇಡಿ ಮತ್ತೆ! ಡಾಕ್ಟರ ಹತ್ತಿರ ಮಾತಾಡಿ ಬದಲಾಯಿಸಿಕೊಳ್ಳಬಹುದು, ಅಷ್ಟೇ.

ಹೃದಯದ ಪಂಪ್ ಸೋತವರ ಕಥೆ ತಮಾಷೆಯಾಗಿದೆ. ಮೊದಲು ಅವರಿಗೆ ಬೀಟಾ ಬ್ಲಾಕರ್ ವಿಷ ಎಂದೇ ಕಲಿಸುತ್ತಿದ್ದರು. ಸೋತ ಎತ್ತಿಗೆ ಮತ್ತೆ ಮೂಗುದಾರ ಬಿಗಿದಂತೆ ಎಂಬ ಭಯ. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಫಿನ್ ವಾಗ್‌ಸ್ಟೀನ್ ಮತ್ತು ಜೊತೆಗಾರರು ಕೆಲವು ರೋಗಿಗಳಿಗೆ ಕೊಟ್ಟು, ಸುಧಾರಿಸಿದ್ದನ್ನು ಬರೆದರು. ನಂಬಲು ಜಗತ್ತಿಗೆ ಎರಡು ದಶಕಕ್ಕಿಂತ ಹೆಚ್ಚು ಬೇಕಾಯಿತು. 1999ರಲ್ಲಿ ಬಿಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಎರಡು ದೊಡ್ಡ ಪ್ರಯೋಗಗಳು ಸಾವು ಕಡಿಮೆಯಾಗುವುದನ್ನು ತೋರಿಸಿದವು. ಎತ್ತನ್ನು ಹೊಡೆದು ಓಡಿಸುತ್ತಿದ್ದ ಚಾಟಿಯನ್ನೇ ಕಸಿದುಕೊಂಡರೆ ಅದು ಉಸಿರು ತಿರುಗಿಸಿಕೊಳ್ಳುತ್ತದೆ. ಗುಟ್ಟು ಇರುವುದು ನಿಧಾನದಲ್ಲಿ. ಕಾರ್ವೆಡಿಲಾಲ್ ಅನ್ನು 3.125 ಮಿಲಿಗ್ರಾಂನಿಂದ ಶುರು ಮಾಡಿ, ಸುಮಾರು ಎರಡು ವಾರಕ್ಕೊಮ್ಮೆ ಏರಿಸುತ್ತಾ ಹೋಗುತ್ತಾರೆ. ಏರಿಸಿದಾಗ ಕೆಲವು ದಿನ ಸುಸ್ತು ಆಗಬಹುದು. ದಿನಾ ಬೆಳಿಗ್ಗೆ ತೂಕ ನೋಡಿ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ, ಅವತ್ತೇ ಫೋನ್ ಮಾಡಿ.

ಆಲ್ಫಾ ಸೀಟುಗಳು ರಕ್ತನಾಳದ ಗೋಡೆಯಲ್ಲಿ, ಗಂಡಸರ ಪ್ರಾಸ್ಟೇಟ್ ಗ್ರಂಥಿಯಲ್ಲಿ ಮತ್ತು ಮೂತ್ರಚೀಲದ ಕತ್ತಿನಲ್ಲಿ ಇವೆ. ಅಲ್ಲಿ ಟವೆಲ್ ಬಿದ್ದರೆ ಬಿಗಿತ ಸಡಿಲ. ಗಂಡಸರಿಗೆ ವಯಸ್ಸಾದಂತೆ ಮೂತ್ರ ತಡೆದು ತಡೆದು ಬರುತ್ತದಲ್ಲ, ಅದಕ್ಕೆ ಟ್ಯಾಮ್ಸುಲೋಸಿನ್, ಸೈಲೋಡೋಸಿನ್ ಕೊಡುವುದು ಇದಕ್ಕೇ. ಕೆಲವೇ ದಿನದಲ್ಲಿ ಹಗುರವಾಗುತ್ತದೆ. ಆದರೆ ಗ್ರಂಥಿ ಸಣ್ಣದಾಗುವುದಿಲ್ಲ. ಅದಕ್ಕೆ ಕೊಡುವ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಬೇರೆ ಜಾತಿ, ಅವಕ್ಕೆ ತಿಂಗಳುಗಳು ಬೇಕು. ಬರೀ ಬಿಪಿಗೆ ಆಲ್ಫಾ ಬ್ಲಾಕರನ್ನೇ ಮೊದಲು ಕೊಡುವ ರೂಢಿ ಈಗ ಇಲ್ಲ. ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ ಡಾಕ್ಸಜೋಸಿನ್ ಗುಂಪಿನವರಲ್ಲಿ ಹೃದಯದ ಪಂಪ್ ಸೋಲುವುದು ಜಾಸ್ತಿಯಾಗಿ, 2000ದಲ್ಲಿ ಆ ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಬೇರೆ ಮಾತ್ರೆಗಳ ಜೊತೆ ಸೇರಿಸುವುದು ಉಂಟು.

ಚೇಳಿನ ಕಥೆ

ಆಲ್ಫಾ ಬ್ಲಾಕರಿನ ದೊಡ್ಡ ಸಾಹಸ ನಮ್ಮ ಪಕ್ಕದಲ್ಲೇ ನಡೆದಿದೆ, ಹೇಳದೆ ಮುಂದೆ ಹೋಗಲಾರೆ. ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡ್ ಅಂತ ಊರು. ಅಲ್ಲಿ ಕೆಂಪು ಚೇಳು ಕುಟುಕಿದರೆ, ಅದರಲ್ಲೂ ಮಕ್ಕಳಿಗೆ, ಸಾವು ಸಾಮಾನ್ಯವಾಗಿತ್ತು. ಕರ್ನಾಟಕದ ಕೆಲವು ಭಾಗಗಳಲ್ಲೂ ಈ ಚೇಳಿದೆ. ಡಾ. ಹಿಮ್ಮತ್‌ರಾವ್ ಬಾವಸ್ಕರ್ ಎಂಬ ವೈದ್ಯರು ರೋಗಿಗಳ ಪಕ್ಕದಲ್ಲೇ ಕೂತು ಗಮನಿಸಿದರು. ವಿಷ ಏರಿದ ಮೇಲೆ ಮೈಯಲ್ಲಿ ಅಡ್ರಿನಲಿನ್ ಬಿರುಗಾಳಿ ಏಳುತ್ತದೆ. ಬೆವರು, ವಾಂತಿ, ಹಿಮದಂತೆ ತಣ್ಣಗಾದ ಕೈಕಾಲು. ರಕ್ತನಾಳಗಳು ಬಿಗಿದು, ಹೃದಯ ಸೋತು, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಆಲ್ಫಾ ಸೀಟಿಗೆ ಟವೆಲ್ ಹಾಕಿದರೆ? 1980ರ ದಶಕದಲ್ಲಿ ಅವರು ಪ್ರಜೋಸಿನ್ ಕೊಡಲು ಶುರು ಮಾಡಿದರು. ಅಗ್ಗದ, ಬಾಯಲ್ಲಿ ನುಂಗುವ ಮಾತ್ರೆ. ನೂರಕ್ಕೆ ನಲವತ್ತರ ಹತ್ತಿರ ಇದ್ದ ಸಾವು ಒಂದರ ಹತ್ತಿರಕ್ಕೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇಲ್ಲಿ ಬೀಟಾ ಬ್ಲಾಕರ್ ಕೊಟ್ಟರೆ ಕೆಡುಕು. ಬೀಟಾ ಸೀಟು ಮುಚ್ಚಿದರೆ ಹೃದಯದ ಬಲ ತಗ್ಗುತ್ತದೆ, ಆಲ್ಫಾ ಮಾತ್ರ ತೆರೆದೇ ಇದ್ದು ನಾಳಗಳು ಇನ್ನಷ್ಟು ಬಿಗಿಯುತ್ತವೆ. ಅಡ್ರಿನಲ್ ಗ್ರಂಥಿಯಲ್ಲಿ ಅಪರೂಪಕ್ಕೆ ಆಗುವ ಫಿಯೋಕ್ರೊಮೊಸೈಟೋಮಾ ಎಂಬ ಗಡ್ಡೆಯಲ್ಲೂ ಇದೇ ನಿಯಮ: ಮೊದಲು ಆಲ್ಫಾ, ಆಮೇಲೆ ಬೇಕಿದ್ದರೆ ಬೀಟಾ. ಅಂದ ಹಾಗೆ, ಚೇಳು ಕುಟುಕಿದರೆ ಮನೆಯಲ್ಲಿದ್ದ ಅಜ್ಜನ ಪ್ರಜೋಸಿನ್ ತೆಗೆದು ಮಗುವಿಗೆ ನುಂಗಿಸಬೇಡಿ. ತೂಕ ನೋಡಿ, ಬಿಪಿ ನೋಡಿ ಕೊಡುವ ಔಷಧಿ ಅದು. ನೇರ ಆಸ್ಪತ್ರೆಗೆ ಓಡಿ.

ಹೆಜ್ಜೆ 3: ಬಾಯಿ ಬಿಟ್ಟು ಹೇಳಬೇಕಾದ್ದು

ಅಸ್ತಮಾ ಇದ್ದರೆ, ಚಿಕ್ಕಂದಿನಲ್ಲಿ ಇತ್ತು ಈಗ ಇಲ್ಲ ಅಂದರೂ, ಹೇಳಿ. ಬೀಟಾದ ಎರಡನೇ ನಂಬರಿನ ಸೀಟುಗಳು ಶ್ವಾಸನಾಳದಲ್ಲಿವೆ. ನಿಮ್ಮ ಇನ್‌ಹೇಲರ್ ಕೆಲಸ ಮಾಡುವುದು ಅಲ್ಲೇ ಕೂತು. ಪ್ರೊಪ್ರನೊಲಾಲ್ ಆ ಸೀಟನ್ನೂ ಹಿಡಿದುಬಿಡುತ್ತದೆ. ಟಿಮೊಲಾಲ್ ಹನಿ ಕಣ್ಣಿಗೆ ತಾನೇ ಅನ್ನಬೇಡಿ, ಕಣ್ಣಿನಿಂದ ಮೂಗಿಗೆ ಇಳಿದು ರಕ್ತ ಸೇರುತ್ತದೆ. ಹನಿ ಹಾಕಿ ಕಣ್ಣು ಮುಚ್ಚಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಲ್ಲಿ ಒತ್ತಿ ಹಿಡಿದರೆ ಇಳಿಯುವುದು ಕಡಿಮೆ. ಆದರೂ ಅಸ್ತಮಾ ಇದ್ದವರು ಕಣ್ಣಿನ ಡಾಕ್ಟರಿಗೆ ಮೊದಲೇ ತಿಳಿಸಬೇಕು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಸಕ್ಕರೆ ತಟ್ಟನೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರೇ, ಇದನ್ನು ಎರಡು ಸಲ ಓದಿ. ಸಕ್ಕರೆ ಕಡಿಮೆಯಾದಾಗ ಎದೆ ಬಡಿತ, ನಡುಕ ನಿಮ್ಮನ್ನು ಎಚ್ಚರಿಸುತ್ತಿತ್ತು. ಬೀಟಾ ಬ್ಲಾಕರ್ ಆ ಗಂಟೆಯನ್ನು ಮುಚ್ಚಿಹಾಕುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ತಕ್ಷಣ ಸಕ್ಕರೆ ಪರೀಕ್ಷೆ ಮಾಡಿ. ಉಪವಾಸದ ದಿನ ಇನ್ನೂ ಎಚ್ಚರ.

ಕಣ್ಣಿನ ಪೊರೆ ಆಪರೇಷನ್‌ಗೆ ಹೋಗುವ ಮುಂಚೆ 'ಪ್ರಾಸ್ಟೇಟ್ ಮಾತ್ರೆ ತಗೊಳ್ತೀನಿ' ಅಥವಾ 'ತಗೊಳ್ತಿದ್ದೆ' ಎಂದು ಹೇಳಿ. ಕಣ್ಣಿಗೂ ಪ್ರಾಸ್ಟೇಟಿಗೂ ಎತ್ತಣಿಂದೆತ್ತ ಸಂಬಂಧ ಅನಿಸುತ್ತದೆ. ಆದರೆ ಕಣ್ಣಿನ ಪಾಪೆಯನ್ನು ಅಗಲಿಸುವ ಸ್ನಾಯುವಿನಲ್ಲೂ ಆಲ್ಫಾ ಸೀಟುಗಳಿವೆ. ಟ್ಯಾಮ್ಸುಲೋಸಿನ್ ತೆಗೆದುಕೊಂಡವರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪರದೆ ಸಡಿಲಾಗಿ, ಆಪರೇಷನ್ ನಡುವೆ ಒದ್ದೆ ಬಟ್ಟೆಯ ಹಾಗೆ ಅಲೆಯುತ್ತದೆ. 2005ರಲ್ಲಿ ವೈದ್ಯರು ಇದನ್ನು ಗುರುತಿಸಿದರು. ಮೊದಲೇ ಗೊತ್ತಿದ್ದರೆ ಸರ್ಜನ್ ತಯಾರಿ ಮಾಡಿಕೊಳ್ಳುತ್ತಾರೆ. ಹಿಂದಿನ ವಾರ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ ಎಂದು ನಂಬುವಂತಿಲ್ಲ.

ಹೆಜ್ಜೆ 4: ಆಲ್ಫಾದ ಮೊದಲ ರಾತ್ರಿ

ನನ್ನ ಚಿಕ್ಕಪ್ಪನಿಗೆ ಪ್ರಜೋಸಿನ್ ಶುರು ಮಾಡಿದ ದಿನ ಯಾರೂ ಏನೂ ಹೇಳಿರಲಿಲ್ಲ. ರಾತ್ರಿ ಒಂದು ಗಂಟೆಗೆ ಬಚ್ಚಲಿಗೆ ಎದ್ದವರು ಬಾಗಿಲ ಹತ್ತಿರ ದೊಪ್ಪನೆ ಬಿದ್ದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಮಲಗಿದ್ದವರು ಎದ್ದಾಗ ರಕ್ತ ಕಾಲಿಗೆ ಇಳಿಯುತ್ತದೆ. ಆಗ ನಾಳಗಳು ಬಿಗಿದು ಅದನ್ನು ತಲೆಗೆ ಹತ್ತಿಸಬೇಕು. ಬಿಗಿಯುವ ಸೀಟಿಗೇ ಟವೆಲ್ ಬಿದ್ದಿದೆ. ಮೈಗೆ ಅಭ್ಯಾಸವೂ ಆಗಿಲ್ಲ.

ಅದಕ್ಕೇ ಪ್ರಜೋಸಿನ್ ಥರದವುಗಳ ಮೊದಲ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ, ಮಲಗುವ ಹೊತ್ತಿಗೆ ಕೊಡುತ್ತಾರೆ. ನುಂಗುವ ಮುಂಚೆ ಬಚ್ಚಲಿಗೆ ಹೋಗಿ ಬನ್ನಿ. ರಾತ್ರಿ ಏಳಬೇಕಾದರೆ ಮೊದಲು ಮಂಚದ ಅಂಚಿಗೆ ಕೂತು, ಕಾಲು ಕೆಳಗೆ ಬಿಟ್ಟು, ಒಂದೆರಡು ನಿಮಿಷ ಕಳೆಯಿರಿ. ಆಮೇಲೆ ಏನನ್ನಾದರೂ ಹಿಡಿದು ನಿಲ್ಲಿ. ಗಂಡಸರು ಆ ರಾತ್ರಿ ಕೂತೇ ಮೂತ್ರ ಮಾಡುವುದು ವಾಸಿ. ಮಾತ್ರೆಯ ಪ್ರಮಾಣ ಏರಿಸಿದ ದಿನವೂ ಇದೇ ಕ್ರಮ. ನಾಲ್ಕಾರು ದಿನ ಮಾತ್ರೆ ತಪ್ಪಿದ್ದರೆ ಹಳೆಯ ಪ್ರಮಾಣಕ್ಕೇ ಹಾರಬೇಡಿ. ಮೈ ಅಭ್ಯಾಸ ಮರೆತಿರುತ್ತದೆ, ಡಾಕ್ಟರನ್ನು ಕೇಳಿ ಮತ್ತೆ ಕೆಳಗಿನಿಂದ ಹತ್ತಬೇಕು.

ಟ್ಯಾಮ್ಸುಲೋಸಿನ್ ಬಿಪಿಯನ್ನು ಇಷ್ಟು ಇಳಿಸುವುದಿಲ್ಲ, ಆದರೆ ತಲೆಸುತ್ತು ಬರಬಹುದು. ದಿನಾ ಒಂದೇ ಊಟದ ನಂತರ ತೆಗೆದುಕೊಳ್ಳಿ. ಇದರಲ್ಲಿ, ಇನ್ನೂ ಹೆಚ್ಚಾಗಿ ಸೈಲೋಡೋಸಿನ್‌ನಲ್ಲಿ, ಸಂಭೋಗದ ವೇಳೆ ವೀರ್ಯ ಹೊರಗೆ ಬರದೇ ಇರಬಹುದು. ಹೇಳಲು ಸಂಕೋಚಪಟ್ಟು ಮಾತ್ರೆಯನ್ನೇ ಬಿಡುವವರಿದ್ದಾರೆ. ಅದರಿಂದ ಹಾನಿಯಿಲ್ಲ, ಔಷಧಿ ನಿಲ್ಲಿಸಿದರೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆ. ಬೇಡವೆನಿಸಿದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಿ.

ಹೆಜ್ಜೆ 5: ಬೀಟಾದವರು ನಾಡಿ ಎಣಿಸಿ

ಮೊದಲ ಕೆಲವು ವಾರ ಬೆಳಿಗ್ಗೆ ಮಾತ್ರೆಗೆ ಮುಂಚೆ ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ. ಹೆಬ್ಬೆರಳಿಂದ ಹಿಡಿಯಬೇಡಿ, ಅದರದೇ ನಾಡಿ ಸಿಕ್ಕಿ ಲೆಕ್ಕ ತಪ್ಪುತ್ತದೆ. ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿ, ಕ್ಯಾಲೆಂಡರಿನ ಆ ದಿನದ ಮನೆಯಲ್ಲೇ ಬರೆದಿಡಿ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಇದ್ದರೆ ಅದೂ ನಾಡಿ ತೋರಿಸುತ್ತದೆ.

50ಕ್ಕಿಂತ ಕಡಿಮೆ ಇದ್ದರೆ ಮುಂದಿನ ಮಾತ್ರೆಗೆ ಮುಂಚೆ ಡಾಕ್ಟರಿಗೆ ಫೋನ್ ಮಾಡಿ. ಕಣ್ಣು ಕತ್ತಲೆ, ಎಚ್ಚರ ತಪ್ಪುವುದು, ಉಸಿರು ಕಟ್ಟುವುದು ಇದ್ದರೆ ಅಂಕಿ ಎಷ್ಟೇ ಇರಲಿ ಆಸ್ಪತ್ರೆಗೆ ಹೊರಡಿ. ಕೈಕಾಲು ತಣ್ಣಗಾಗುವುದು, ಸುಸ್ತು, ಪ್ರೊಪ್ರನೊಲಾಲ್‌ನಲ್ಲಿ ಕೆಟ್ಟ ಕನಸು, ಇವು ಕಾಡಿದರೆ ಸಹಿಸಿಕೊಂಡೇ ಇರಬೇಕೆಂದಿಲ್ಲ. ಬೇರೆ 'ಲಾಲ್' ಇದೆ.

ವೇದಿಕೆ ಭಯಕ್ಕೆ, ಇಂಟರ್‌ವ್ಯೂಗೆ ಅಂತ ಸ್ನೇಹಿತರ ಮಾತು ಕೇಳಿ ಪ್ರೊಪ್ರನೊಲಾಲ್ ಕೇಳಿಕೊಂಡು ಬರುವ ಹುಡುಗರಿದ್ದಾರೆ. ಕೈ ನಡುಕ ನಿಲ್ಲಿಸುವುದು ನಿಜ. ಅದಕ್ಕೇ ಶೂಟಿಂಗ್, ಬಿಲ್ಲುಗಾರಿಕೆಯಲ್ಲಿ ಇದಕ್ಕೆ ನಿಷೇಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಶೂಟರ್ ಕಿಮ್ ಜಾಂಗ್ ಸು ಎರಡು ಪದಕ ಕಳೆದುಕೊಂಡದ್ದು ಇದರಿಂದಲೇ. ಚೀಟಿ ಇಲ್ಲದೆ ನಾನು ಕೊಡುವುದಿಲ್ಲ. ಗೊತ್ತಿಲ್ಲದ ಅಸ್ತಮಾ ಇದ್ದರೆ ಇಂಟರ್‌ವ್ಯೂ ಹಾಗಿರಲಿ, ಉಸಿರಿಗೇ ಸಂಚಕಾರ.

ಹೆಜ್ಜೆ 6: ಜೊತೆಗೆ ಬೇಡವಾದ ನೆಂಟರು

ನೆಗಡಿ ಮಾತ್ರೆ. ಹೆಚ್ಚಿನವುಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ. ಅದು ಕೂರುವುದೇ ಆಲ್ಫಾ ಸೀಟಿನಲ್ಲಿ. ಮೂಗು ತೆರೆಯುವ ಹೊತ್ತಿಗೆ ಪ್ರಾಸ್ಟೇಟ್ ತೊಂದರೆ ಇದ್ದವರ ಮೂತ್ರ ಕಟ್ಟಿಬಿಡಬಹುದು, ಬಿಪಿಯೂ ಏರಬಹುದು. ಅದರ ಜೊತೆಗಿರುವ ಕ್ಲೋರ್‌ಫೆನಿರಮೈನ್ ಕೂಡ ಮೂತ್ರ ಕಟ್ಟಿಸುವುದಕ್ಕೆ ಹೆಸರುವಾಸಿ. ಹಬೆ ತೆಗೆದುಕೊಳ್ಳಿ, ಉಪ್ಪುನೀರಿನ ಹನಿ ಹಾಕಿಕೊಳ್ಳಿ.

ನಿಮಿರುವಿಕೆಯ ತೊಂದರೆಗೆಂದು ಕೌಂಟರಿನಲ್ಲಿ ದನಿ ತಗ್ಗಿಸಿ ಕೇಳುವ ಸಿಲ್ಡೆನಾಫಿಲ್, ಟಡಾಲಾಫಿಲ್ ಆಲ್ಫಾ ಬ್ಲಾಕರ್ ಜೊತೆ ಸೇರಿದರೆ ಬಿಪಿ ಕುಸಿಯಬಹುದು. ಡಾಕ್ಟರಿಗೆ ಗೊತ್ತಿದ್ದರೆ ಹೊಂದಿಸಿ ಕೊಡುತ್ತಾರೆ, ಮುಚ್ಚಿಟ್ಟರೆ ಅಪಾಯ. ವೆರಾಪಮಿಲ್ ಎಂಬ ಇನ್ನೊಂದು ಹೃದಯದ ಮಾತ್ರೆ ಮತ್ತು ಬೀಟಾ ಬ್ಲಾಕರ್ ಒಟ್ಟಿಗಿದ್ದರೆ ನಾಡಿ ತೀರಾ ಇಳಿಯಬಹುದು. ಇಬ್ಬರು ಡಾಕ್ಟರ ಚೀಟಿ ಇದ್ದವರು ಎರಡನ್ನೂ ಒಂದೇ ಅಂಗಡಿಯಲ್ಲಿ ತೋರಿಸಿ. ಮಂಡಿ ನೋವಿಗೆ ದಿನಾ ನುಂಗುವ ಡೈಕ್ಲೋಫೆನಾಕ್ ಬಿಪಿ ಮಾತ್ರೆಯ ಕೆಲಸ ಕೆಡಿಸುತ್ತದೆ.

ಹೆಜ್ಜೆ 7: ಬಿಡುವುದಾದರೆ ಮೆಟ್ಟಿಲಿಳಿದು

ಒಂದು ಹೊತ್ತು ಮರೆತರೆ ನೆನಪಾದಾಗ ನುಂಗಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡವೇ ಬೇಡ.

ಬೀಟಾ ಬ್ಲಾಕರ್ ನಿಲ್ಲಿಸಬೇಕೆಂದರೆ ಡಾಕ್ಟರು ಒಂದೆರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ತೆಗೆದುಕೊಂಡು ಪ್ರಮಾಣ ಇಳಿಸುತ್ತಾರೆ. ಮೈ ಹಾಕಿಸಿದ ಹೆಚ್ಚಿನ ಸೀಟುಗಳನ್ನು ಕಿತ್ತುಹಾಕಲು ಅಷ್ಟು ಹೊತ್ತು ಬೇಕು. ಆ ದಿನಗಳಲ್ಲಿ ಭಾರ ಎತ್ತುವುದು, ಓಡುವುದು ಬೇಡ. ಆಪರೇಷನ್ ಇದ್ದಾಗಲೂ 'ಖಾಲಿ ಹೊಟ್ಟೆ' ಅಂದರೆಂದು ನೀವಾಗಿ ಬಿಡಬೇಡಿ. ಆ ಬೆಳಿಗ್ಗೆ ಇದೊಂದನ್ನು ಗುಟುಕು ನೀರಲ್ಲಿ ನುಂಗಲೇ ಎಂದು ಅರಿವಳಿಕೆ ಡಾಕ್ಟರನ್ನು ಕೇಳಿ. ಹೆಚ್ಚಿನ ಸಲ ಹೂಂ ಅನ್ನುತ್ತಾರೆ.

ಮಾತ್ರೆ ಮುಗಿಯುವುದಕ್ಕೆ ಹತ್ತು ದಿನ ಇರುವಾಗಲೇ ಹೊಸದು ತನ್ನಿ. ದುಡ್ಡಿನ ತೊಂದರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್ ಕೇಳಿ ನೋಡಿ. ಊರಿಗೆ ಹೋಗುವಾಗ ಒಂದು ಸ್ಟ್ರಿಪ್ ಚೀಲದಲ್ಲಿ, ಒಂದು ಅಂಗಿ ಜೇಬಿನಲ್ಲಿ. ಅಂಗಡಿಯವರು ಸ್ಟ್ರಿಪ್ ಕತ್ತರಿಸುವಾಗ ಹೆಸರೂ ತಾರೀಖೂ ಉಳಿಯುವ ತುಂಡನ್ನೇ ಕೇಳಿ ಪಡೆಯಿರಿ, ಫೋನಿನಲ್ಲಿ ಒಂದು ಫೋಟೊ ತೆಗೆದಿಡಿ. ಆ ಯಜಮಾನರು ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಬಂದರು. ಈಗ ತಿಂಗಳ ಇಪ್ಪತ್ತನೇ ತಾರೀಖಿಗೇ ಅಂಗಡಿಗೆ ಬರುತ್ತಾರೆ. ನಾನು ಕತ್ತರಿ ಕೈಗೆತ್ತಿಕೊಂಡರೆ ಸಾಕು, "ಕತ್ತರಿಸಬೇಡ ಮಾರಾಯ, ಪೂರ್ತಿ ಕೊಡು" ಅನ್ನುತ್ತಾರೆ.